ಮನೆಯಲ್ಲೇ ಹಣ್ಣು ಫ್ರೀಜ್ ಡ್ರೈ ಮಾಡುವುದು: ಕಣ್ಣಿಗಿಂತ ತಕ್ಕಡಿಯನ್ನು ನಂಬಿ

ಫ್ರೀಜ್ ಡ್ರೈ ಅಂದರೆ ಹಣ್ಣನ್ನು ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಯಂತ್ರದಲ್ಲಿ ಅದರ ಐಸನ್ನು ಕರಗಿಸದೆ ನೇರವಾಗಿ ಆವಿ ಮಾಡಿ ಒಣಗಿಸುವುದು. ನನ್ನ ಮೊದಲ ಬ್ಯಾಚ್ ಸ್ಟ್ರಾಬೆರಿ ಹಾಳಾಗಿದ್ದು ಯಂತ್ರದಿಂದ ಅಲ್ಲ, ನನ್ನ ಆತುರದಿಂದ. 24 ಗಂಟೆ ಆಗಿತ್ತು. ಟ್ರೇ ಹೊರಗೆಳೆದು ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡೆ. ಕುರುಂ ಅಂತು. ಬಣ್ಣ ಹಾಗೇ ಇತ್ತು, ವಾಸನೆ ತಾಜಾ ಹಣ್ಣಿಗಿಂತ ಒಂದು ಕೈ ಮೇಲೆ. ಖುಷಿಯಲ್ಲಿ ಎಲ್ಲವನ್ನೂ ಗಾಜಿನ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿದೆ. ಮೂರನೇ ದಿನ ತೆಗೆದು ನೋಡಿದರೆ ಅಷ್ಟೂ ಬಿಲ್ಲೆಗಳು ಒದ್ದೆ ರಟ್ಟಿನ ಹಾಗೆ ಮೆತ್ತಗಾಗಿದ್ದವು.

ಆಮೇಲೆ ಗೊತ್ತಾಯಿತು. ಕೈತಪ್ಪಿ ದಪ್ಪಗೆ ಕತ್ತರಿಸಿದ್ದ ನಾಲ್ಕೈದು ತುಂಡುಗಳ ನಡುಭಾಗದಲ್ಲಿ ಇನ್ನೂ ಐಸ್ ಇತ್ತು. ಡಬ್ಬಿಯೊಳಗೆ ಅದು ಕರಗಿದೆ. ಆ ತೇವವನ್ನು ಮಿಕ್ಕ ತುಂಡುಗಳು ಸ್ಪಂಜಿನ ಹಾಗೆ ಹೀರಿಕೊಂಡಿವೆ. ನಾನು ತಿಂದು ನೋಡಿದ್ದು ತೆಳ್ಳಗಿದ್ದ ಬಿಲ್ಲೆ. ಅದು ಒಣಗಿತ್ತು, ನಿಜ. ಆದರೆ ಪರೀಕ್ಷೆ ಮಾಡಬೇಕಾಗಿದ್ದು ಅದನ್ನಲ್ಲ.

ಅಂದಿನಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿ ಯಂತ್ರದ ಪಕ್ಕದಲ್ಲೇ ಇರುತ್ತದೆ. ಈ ಕೆಲಸದಲ್ಲಿ ಅದರಷ್ಟು ನಂಬಿಕೆಯ ಸಲಕರಣೆ ಇನ್ನೊಂದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ.

ಐಸ್ ಕರಗದೆ ಹೋಗುವ ದಾರಿ

ಕರ್ಪೂರದ ಡಬ್ಬಿಗೆ ಮುಚ್ಚಳ ಸರಿಯಾಗಿ ಹಾಕದಿದ್ದರೆ ಏನಾಗುತ್ತದೆ ಗೊತ್ತಲ್ವಾ? ಬಿಲ್ಲೆಗಳು ದಿನೇ ದಿನೇ ಸವೆಯುತ್ತವೆ. ತಳದಲ್ಲಿ ಒಂದು ಹನಿಯೂ ಸಿಗುವುದಿಲ್ಲ. ಗಟ್ಟಿಯಾಗಿದ್ದದ್ದು ನೇರವಾಗಿ ಆವಿಯಾಗಿ ಹೋಗಿರುತ್ತದೆ. ಐಸಿಗೂ ಇದೇ ಗುಣ ಇದೆ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಮರೆತುಬಿಟ್ಟ ಐಸ್ ಕ್ಯೂಬ್‌ಗಳು ಚಿಕ್ಕದಾಗುವುದು ಇದರಿಂದಲೇ.

ಸಾಮಾನ್ಯ ಗಾಳಿಯಲ್ಲಿ ಇದು ಆಮೆಯ ನಡಿಗೆ. ಗಾಳಿಯ ಒತ್ತಡ ಇಳಿಸಿದರೆ ವೇಗ ಬರುತ್ತದೆ. ಸಮುದ್ರ ಮಟ್ಟದಲ್ಲಿ ಈ ಒತ್ತಡ ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್. ಅದನ್ನು 4.6 ಮಿಲಿಮೀಟರ್‌ಗಿಂತ ಕೆಳಗೆ ತಂದರೆ ನೀರು ನೀರಾಗಿ ನಿಲ್ಲುವುದೇ ಇಲ್ಲ. ಇದ್ದರೆ ಐಸ್, ಇಲ್ಲದಿದ್ದರೆ ಆವಿ. ಮನೆಗೆ ಸಿಗುವ ಫ್ರೀಜ್ ಡ್ರೈಯರ್‌ಗಳು ಒತ್ತಡವನ್ನು ಅರ್ಧ ಮಿಲಿಮೀಟರ್‌ಗೆ, ಅದಕ್ಕಿಂತ ಕೆಳಕ್ಕೂ ಇಳಿಸುತ್ತವೆ. ಅಲ್ಲಿ ಐಸ್ ಸುಮಾರು ಮೈನಸ್ 25 ಡಿಗ್ರಿ ಚಳಿಯಲ್ಲೂ ಆವಿಯಾಗುತ್ತಾ ಹೋಗುತ್ತದೆ.

ಪಂಪ್ ಹಣ್ಣಿನ ನೀರನ್ನೆಲ್ಲ ಹೀರಿ ಹೊರಗೆ ಹಾಕುತ್ತದೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಅದು ಆಗದ ಮಾತು. ಅಷ್ಟು ಕಡಿಮೆ ಒತ್ತಡದಲ್ಲಿ ಬರೀ 1 ಗ್ರಾಂ ಐಸ್ ಆವಿಯಾದರೆ ಸುಮಾರು 1,700 ಲೀಟರ್ ಜಾಗ ಕೇಳುತ್ತದೆ. ಒಂದು ಕಿಲೋ ಹಣ್ಣಿನಲ್ಲಿ 750ರಿಂದ 900 ಗ್ರಾಂ ನೀರಿರುತ್ತದೆ. ಲೆಕ್ಕ ಹಾಕಿ ನೋಡಿ, ಯಾವ ಮನೆಯ ಪಂಪಿಗೆ ಅಷ್ಟು ಶಕ್ತಿ ಇದೆ?

ನಿಜವಾಗಿ ನಡೆಯುವುದು ಬೇರೆ. ಯಂತ್ರದ ಒಳಗೋಡೆ ಹಣ್ಣಿಗಿಂತ ತುಂಬ ತಣ್ಣಗಿರುತ್ತದೆ, ಮೈನಸ್ 35-40 ಡಿಗ್ರಿಯ ಆಸುಪಾಸು. ಹಣ್ಣಿನಿಂದ ಎದ್ದ ಆವಿ ಹೋಗಿ ಆ ಗೋಡೆಗೆ ಮತ್ತೆ ಐಸಾಗಿ ಅಂಟುತ್ತದೆ. ಅಂದರೆ ಐಸ್ ಹಣ್ಣಿನಿಂದ ಗೋಡೆಗೆ ಮನೆ ಬದಲಾಯಿಸುತ್ತದೆ, ಅಷ್ಟೇ. ಅಡ್ಡ ನಿಂತ ಗಾಳಿಯನ್ನು ದಾರಿಯಿಂದ ತೆಗೆಯುವುದು ಪಂಪಿನ ಕೆಲಸ.

ಟ್ರೇ ಕೆಳಗೆ ಹೀಟರ್ ಯಾಕೆ ಅಂತ ಕೆಲವರಿಗೆ ಗೊಂದಲ. 1 ಕಿಲೋ ಐಸ್ ಕರಗಿ ನೀರಾಗಲು 334 ಕಿಲೋಜೂಲ್ ಶಾಖ ಸಾಕು. ಅದೇ ಐಸ್ ನೇರವಾಗಿ ಆವಿಯಾಗಲು ಸುಮಾರು 2,800 ಬೇಕು, ಎಂಟು ಪಟ್ಟಿಗಿಂತ ಜಾಸ್ತಿ. ಆ ಶಾಖ ಎಲ್ಲಿಂದಲಾದರೂ ಬರಬೇಕು. ಬರದಿದ್ದರೆ ಹಣ್ಣು ತನ್ನಷ್ಟಕ್ಕೆ ಇನ್ನೂ ತಣ್ಣಗಾಗಿ, ಒಣಗುವ ಕೆಲಸವೇ ನಿಂತು ಹೋಗುತ್ತದೆ.

ಯಂತ್ರ ಇಲ್ಲದೆ ಆಗುತ್ತಾ?

ಆಗುತ್ತದೆ, ಆದರೆ ಸಣ್ಣ ಪ್ರಮಾಣದಲ್ಲಿ ಮತ್ತು ತುಂಬ ನಿಧಾನವಾಗಿ. ಹಿಮ ಕಟ್ಟದ, ಅಂದರೆ ಫ್ರಾಸ್ಟ್ ಫ್ರೀ ಫ್ರೀಜರ್ ಇದ್ದರೆ ಪ್ರಯತ್ನಿಸಬಹುದು. ಅದರ ಒಳಗಿನ ಗಾಳಿ ಒಣಗಿರುತ್ತದೆ, ಫ್ಯಾನ್ ಅದನ್ನು ಸುತ್ತಿಸುತ್ತಿರುತ್ತದೆ. ಹಣ್ಣನ್ನು 3 ಮಿಲಿಮೀಟರ್ ತೆಳುವಾಗಿ ಕತ್ತರಿಸಿ, ತಂತಿ ಜಾಲರಿಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ, ಮುಚ್ಚದೆ ಒಳಗಿಡಿ. ಮೂರು ನಾಲ್ಕು ವಾರ ಮರೆತುಬಿಡಿ. ಇನ್ನೂ ಹೆಚ್ಚು ದಿನ ಹಿಡಿದರೂ ಆಶ್ಚರ್ಯ ಬೇಡ. ಮೀನು, ಈರುಳ್ಳಿಯಂಥ ವಾಸನೆಯ ಸಾಮಾನು ಆ ಫ್ರೀಜರ್‌ನಲ್ಲಿ ಇರಕೂಡದು. ಮೂರು ವಾರದ ಸೇಬು ಮೀನಿನ ವಾಸನೆ ಹೊಡೆದರೆ ಅದನ್ನು ಯಾರೂ ಮುಟ್ಟುವುದಿಲ್ಲ.

ಒಣಗಿದೆಯೋ ಇಲ್ಲವೋ ಅಂತ ನೋಡಲು ಒಂದು ಬಿಲ್ಲೆ ಹೊರಗಿಟ್ಟು ಅರ್ಧ ಗಂಟೆ ಕಾಯಿರಿ. ಬಣ್ಣ ಕಪ್ಪಾಗಿ ಜೋತು ಬಿದ್ದರೆ ನೀರು ಇನ್ನೂ ಇದೆ. ಆಕಾರ, ಬಣ್ಣ ಹಾಗೇ ಉಳಿದರೆ ಒಣಗಿದೆ.

ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ವಿಧಾನದ ಬಗ್ಗೆ ನೀವೂ ಕೇಳಿರಬಹುದು. ಹಣ್ಣನ್ನು ಡ್ರೈ ಐಸ್ ನಡುವೆ ಹೂತು ಒಂದು ದಿನ ಬಿಟ್ಟರೆ ಒಣಗುತ್ತದೆ ಅಂತ ಹೇಳುವವರು ಬಹಳ. ನಾನು ಒಪ್ಪುವುದಿಲ್ಲ. ಡ್ರೈ ಐಸ್ ಇರುವುದು ಮೈನಸ್ 78 ಡಿಗ್ರಿಯಲ್ಲಿ. ಅಷ್ಟು ಚಳಿಯಲ್ಲಿ ಐಸ್ ಆವಿಯಾಗುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಲ್ಲಿ ಐಸಿನ ಆವಿಯ ಒತ್ತಡ ಮನೆಯ ಫ್ರೀಜರ್‌ನಲ್ಲಿ ಇರುವುದರ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಣ್ಣು ಕಲ್ಲಿನಂತೆ ಗಟ್ಟಿಯಾಗುತ್ತದೆ, ಒಣಗುವುದಿಲ್ಲ. ಬೇಗ ಹೆಪ್ಪುಗಟ್ಟಿಸಲು ಮಾತ್ರ ಅದನ್ನು ಬಳಸಿ. ಬಳಸುವಾಗ ದಪ್ಪ ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಡಬ್ಬಿಯನ್ನು ಯಾವತ್ತೂ ಬಿಗಿಯಾಗಿ ಮುಚ್ಚಬೇಡಿ. ಹೊರಡುವ ಇಂಗಾಲದ ಡೈಆಕ್ಸೈಡ್ ಡಬ್ಬಿಯನ್ನು ಸಿಡಿಸಬಲ್ಲದು. ಮುಚ್ಚಿದ ಕೋಣೆಯಲ್ಲಿ ಉಸಿರನ್ನೂ ಕಟ್ಟಿಸಬಲ್ಲದು.

ಪಂಪ್ ತಂದು ತಾವೇ ಯಂತ್ರ ಕಟ್ಟುವವರೂ ಇದ್ದಾರೆ. ಅವರಿಗೆ ಒಂದೇ ಲೆಕ್ಕ ಹೇಳುತ್ತೇನೆ. 30 ಸೆಂಟಿಮೀಟರ್ ಅಗಲದ ಮುಚ್ಚಳದ ಒಳಗಿನ ಗಾಳಿ ತೆಗೆದರೆ, ಹೊರಗಿನ ಗಾಳಿ ಅದರ ಮೇಲೆ ಹಾಕುವ ಭಾರ ಸುಮಾರು 730 ಕಿಲೋ. ಸಾಮಾನ್ಯ ಗಾಜಿನ ಭರಣಿ, ಪ್ಲಾಸ್ಟಿಕ್ ಡಬ್ಬಿಗಳು ಇದಕ್ಕೆ ಲಾಯಕ್ಕಲ್ಲ. ಒಳಕ್ಕೆ ಒಡೆದು ಚೂರು ಸಿಡಿಯುತ್ತವೆ. ವ್ಯಾಕ್ಯೂಮ್‌ಗೆಂದೇ ಮಾಡಿದ ಪಾತ್ರೆ ಇಲ್ಲದಿದ್ದರೆ ಆ ಸಾಹಸ ಬೇಡ.

ಬಿಸಿಗಾಳಿಯ ಡೀಹೈಡ್ರೇಟರ್ ಒಳ್ಳೆಯ ಯಂತ್ರವೇ. ಆದರೆ ಅದರಲ್ಲಿ ಹಣ್ಣು ಸುಕ್ಕುಗಟ್ಟಿ ಚರ್ಮದ ಹಾಗೆ ಜಗಿಯುವಂತಾಗುತ್ತದೆ. ಕುರುಕಲು ಬರುವುದಿಲ್ಲ. ಎರಡೂ ಬೇರೆ ಬೇರೆ ತಿಂಡಿ ಅಂತಲೇ ತಿಳಿಯಿರಿ. ಮುಂದೆ ಬರೆದಿರುವುದೆಲ್ಲ ಫ್ರೀಜ್ ಡ್ರೈಯರ್ ಇರುವವರಿಗೆ.

ಯಾವ ಹಣ್ಣು ಒಲಿಯುತ್ತದೆ

ಹೊಸಬರು ಸ್ಟ್ರಾಬೆರಿ ಇಲ್ಲವೇ ಸೇಬಿನಿಂದ ಶುರು ಮಾಡಿ. ಸ್ಟ್ರಾಬೆರಿಯಲ್ಲಿ ನೂರಕ್ಕೆ ಸುಮಾರು 91 ಭಾಗ ನೀರು, ಸಕ್ಕರೆ ಕಡಿಮೆ, ತಿರುಳಿನಲ್ಲಿ ಆವಿ ಹೊರಡಲು ದಾರಿ ಚೆನ್ನಾಗಿದೆ. ಸೇಬೂ ಹಾಗೆಯೇ. ಬಾಳೆಹಣ್ಣಿನಲ್ಲಿ ನೀರು 75 ಭಾಗ ಮಾತ್ರ, ತೂಕ ಜಾಸ್ತಿ ಉಳಿಯುತ್ತದೆ. ಮಾವು, ಅನಾನಸ್ ರುಚಿಯಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಇವುಗಳ ಸಿಹಿ ನಿಮ್ಮ ತಾಳ್ಮೆ ಪರೀಕ್ಷಿಸುತ್ತದೆ.

ಸಿಹಿಗೂ ತಾಳ್ಮೆಗೂ ಏನು ಸಂಬಂಧ? ಹಣ್ಣಿನ ನೀರು ಐಸಾಗುತ್ತಾ ಹೋದಂತೆ ಉಳಿದ ರಸದಲ್ಲಿ ಸಕ್ಕರೆ ಮಂದವಾಗುತ್ತದೆ. ಈ ಮಂದ ಪಾಕ ಗಾಜಿನಂತೆ ಪೂರ್ತಿ ಗಟ್ಟಿಯಾಗಲು ಸುಕ್ರೋಸ್‌ಗೆ, ಅಂದರೆ ಮಾಮೂಲಿ ಸಕ್ಕರೆಗೆ, ಮೈನಸ್ 32 ಡಿಗ್ರಿ ಬೇಕು. ಫ್ರಕ್ಟೋಸ್, ಗ್ಲೂಕೋಸ್‌ಗೆ ಮೈನಸ್ 42ರ ಹತ್ತಿರ. ಅದಕ್ಕಿಂತ ಬೆಚ್ಚಗಿದ್ದರೆ ಪಾಕ ಅಂಟಂಟಾಗಿಯೇ ಇರುತ್ತದೆ. ನಿರ್ವಾತದಲ್ಲಿ ಅದು ನೊರೆಯ ಹಾಗೆ ಉಬ್ಬಿ, ಆಮೇಲೆ ಕುಸಿಯುತ್ತದೆ. ತುಂಡು ಹಣ್ಣಿನಲ್ಲಿ ನಾರು ಒಂದು ಚೌಕಟ್ಟಿನಂತೆ ಹಿಡಿದುಕೊಂಡಿರುವುದರಿಂದ ಅಷ್ಟು ತೊಂದರೆ ಆಗುವುದಿಲ್ಲ. ಬರೀ ಹಣ್ಣಿನ ರಸ, ಜೇನುತುಪ್ಪ, ಜಾಮ್ ಹಾಕಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಟ್ರೇ ತುಂಬ ಅಂಟು. ಅವನ್ನು ಮುಟ್ಟಬೇಡಿ.

ಬೆಣ್ಣೆ ಹಣ್ಣು, ತೆಂಗಿನಕಾಯಿ ಬೇರೆ ಜಾತಿಯವು. ಅವುಗಳಲ್ಲಿ ಕೊಬ್ಬಿದೆ. ಯಂತ್ರ ನೀರನ್ನು ತೆಗೆಯಬಲ್ಲದು, ಎಣ್ಣೆಯನ್ನಲ್ಲ. ಒಣಗಿಸಬಹುದು, ಆದರೆ ಬೇಗ ಕಮಟು ವಾಸನೆ ಬರುತ್ತದೆ.

ಹಣ್ಣು ಮಾಗಿರಬೇಕು, ಕೊಳೆತಿರಬಾರದು. ಕಾಯಿ ಹಣ್ಣು ಒಣಗಿದ ಮೇಲೆ ಸಿಹಿಯಾಗುವುದಿಲ್ಲ. ಇದ್ದ ಹುಳಿ ಇನ್ನೂ ಎದ್ದು ಕಾಣುತ್ತದೆ. ಅತಿಯಾಗಿ ಮಾಗಿದ್ದು ಕುಸಿಯುತ್ತದೆ.

ತೊಳೆಯುವುದು, ಕತ್ತರಿಸುವುದು

ತೊಳೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫ್ರೀಜ್ ಡ್ರೈಯಿಂಗ್ ರೋಗಾಣುಗಳನ್ನು ಕೊಲ್ಲುವ ವಿಧಾನ ಅಲ್ಲ. ಅವನ್ನು ಮಲಗಿಸಿ ಕಾಪಾಡುವ ವಿಧಾನ. ಮೊಸರು ಹೆಪ್ಪು ಹಾಕುವ ಪುಡಿ ಕಲ್ಚರ್‌ಗಳನ್ನು ತಯಾರಿಸುವುದು ಹೀಗೆಯೇ. ನೀರು ತಾಗಿದ ಕೂಡಲೇ ಬ್ಯಾಕ್ಟೀರಿಯಾ ಎದ್ದು ಕೂರುತ್ತದೆ. ಹೆಪಟೈಟಿಸ್ ಎ ವೈರಸ್ಸೂ ಚಳಿಗೆ ಜಗ್ಗುವುದಿಲ್ಲ. ಫ್ರೀಜ್ ಮಾಡಿದ ಬೆರ್ರಿಗಳಿಂದ ಅದು ಹರಡಿದ್ದಿದೆ. ಹಾಗಾಗಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೈ, ಚಾಕು, ಹಲಗೆ ಕೂಡ ಚೊಕ್ಕವಾಗಿರಲಿ. ಆಮೇಲೆ ಬಟ್ಟೆಯಲ್ಲಿ ಒತ್ತಿ ನೀರು ಒರೆಸಿ. ಮೇಲೆ ಉಳಿದ ನೀರನ್ನೂ ಯಂತ್ರವೇ ಒಣಗಿಸಬೇಕು, ಸುಮ್ನೆ ಕರೆಂಟು ದಂಡ.

ಕತ್ತರಿಸುವ ದಪ್ಪ 6ರಿಂದ 8 ಮಿಲಿಮೀಟರ್. 10 ದಾಟಬೇಡಿ. ಅದಕ್ಕಿಂತ ಮುಖ್ಯವಾದದ್ದು ಎಲ್ಲ ತುಂಡುಗಳೂ ಒಂದೇ ದಪ್ಪ ಇರುವುದು. ಯಾಕಂದರೆ ಬ್ಯಾಚ್ ಮುಗಿಯುವ ಹೊತ್ತನ್ನು ನಿರ್ಧರಿಸುವುದು ಅತಿ ದಪ್ಪದ ತುಂಡು. ಐಸ್ ಮೇಲಿನಿಂದ ಒಳಕ್ಕೆ ಹಿಂದೆ ಸರಿಯುತ್ತಾ ಹೋಗುತ್ತದೆ. ಒಳಗಿನ ಆವಿ ಹೊರಗೆ ಒಣಗಿದ ಪದರವನ್ನು ದಾಟಿ ಬರಬೇಕು. ಆ ಪದರ ದಪ್ಪವಾದಷ್ಟೂ ದಾರಿ ಉದ್ದ. ಹಾಗಾಗಿ ತುಂಡಿನ ದಪ್ಪ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗೆ ನಿಲ್ಲುವುದಿಲ್ಲ, ಇನ್ನೂ ಜಾಸ್ತಿ ಹಿಡಿಯುತ್ತದೆ. ಕೈ ನಡುಗುವವರು, ನನ್ನಂತೆ ಆತುರದವರು, ಸ್ಲೈಸರ್ ಬಳಸುವುದು ಒಳ್ಳೆಯದು. ಬೆರಳು ಜೋಪಾನ.

ದ್ರಾಕ್ಷಿ, ಬ್ಲೂಬೆರಿಗಳನ್ನು ಇಡಿಯಾಗಿ ಹಾಕಬೇಡಿ. ಸಿಪ್ಪೆಯ ಮೇಲಿನ ಮೇಣದ ಪದರ ಆವಿಯನ್ನು ಬಿಡುವುದಿಲ್ಲ. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ರಸ ಹಾಗೇ ಇರುತ್ತದೆ. ಕೆಲವು ಟಪ್ ಅಂತ ಒಡೆದು ಟ್ರೇಗೆ ಅಂಟುತ್ತವೆ. ಎರಡು ಹೋಳು ಮಾಡಿ, ಕತ್ತರಿಸಿದ ಬದಿ ಮೇಲೆ ಬರುವಂತೆ ಇಡಿ. ಬ್ಲೂಬೆರಿ ಕತ್ತರಿಸಲು ಬೇಸರವಾದರೆ ಸೂಜಿಯಿಂದ ಮೂರು ನಾಲ್ಕು ಕಡೆ ಚುಚ್ಚಿದರೂ ನಡೆಯುತ್ತದೆ.

ಸೇಬು, ಬಾಳೆಹಣ್ಣು ಕತ್ತರಿಸಿದ ಕೂಡಲೇ ಕಂದಾಗುತ್ತವೆ. ಒಂದು ಲೀಟರ್ ನೀರಿಗೆ ನಾಲ್ಕೈದು ಚಮಚ ನಿಂಬೆರಸ ಹಿಂಡಿ, ಹೋಳುಗಳನ್ನು ಮೂರು ನಿಮಿಷ ಅದ್ದಿ ತೆಗೆಯಿರಿ. ಬಣ್ಣ ಉಳಿಯುತ್ತದೆ. ಸಕ್ಕರೆ ಪಾಕದಲ್ಲಿ ಅದ್ದುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಮೇಲೆ ಹೇಳಿದ ಅಂಟಿನ ಕಾಟವೇ ಬರುತ್ತದೆ.

ಮೊದಲು ಕಲ್ಲಾಗಲಿ

ಟ್ರೇ ಮೇಲೆ ಬೇಕಿಂಗ್ ಪೇಪರ್ ಅಥವಾ ಸಿಲಿಕಾನ್ ಮ್ಯಾಟ್ ಹಾಸಿ, ಹೋಳುಗಳನ್ನು ಒಂದೇ ಪದರದಲ್ಲಿ ಹರಡಿ. ಖಾಲಿ ಟ್ರೇಯ ತೂಕ, ತುಂಬಿದ ಟ್ರೇಯ ತೂಕ, ಎರಡನ್ನೂ ಬರೆದಿಡಿ. ಮರೆಯಬೇಡಿ, ಕೊನೆಗೆ ಬೇಕಾಗುವುದು ಇದೇ ಚೀಟಿ.

ಯಂತ್ರವೇ ಹೆಪ್ಪುಗಟ್ಟಿಸುತ್ತದೆ, ಆದರೆ ಮೊದಲೇ ಮನೆಯ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಒಂದು ದಿನ ಇಟ್ಟು ಹಾಕಿದರೆ ಯಂತ್ರದ ಹೊತ್ತು ಉಳಿಯುತ್ತದೆ. ಒಳಗೆ ಮೆತ್ತಗಿರುವ ತುಂಡನ್ನು ನಿರ್ವಾತಕ್ಕೆ ಒಡ್ಡಿದರೆ ನೀರು ಕುದಿದು ಹಣ್ಣು ಉಬ್ಬಿ ಹರಡುತ್ತದೆ. ಯಂತ್ರದ ಗೋಡೆ ತೊಳೆಯುತ್ತಾ ಕೂರಬೇಕಾಗುತ್ತದೆ.

ಇಲ್ಲೊಂದು ಸ್ವಾರಸ್ಯ ಇದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಐಸಿನ ಹರಳುಗಳು ದೊಡ್ಡದಾಗುತ್ತವೆ. ಅವು ಹೋದ ಜಾಗದಲ್ಲಿ ದೊಡ್ಡ ತೂತುಗಳು ಉಳಿಯುತ್ತವೆ, ಆವಿಗೆ ಹೆದ್ದಾರಿ ಸಿಕ್ಕಂತೆ. ಬೇಗ ಒಣಗುತ್ತದೆ. ಆದರೆ ದೊಡ್ಡ ಹರಳು ಹಣ್ಣಿನ ಜೀವಕೋಶಗಳನ್ನು ಸೀಳುತ್ತದೆ, ಮತ್ತೆ ನೀರು ಹಾಕಿದಾಗ ಹಣ್ಣು ಮೆತ್ತಗಾಗುತ್ತದೆ. ಬೇಗ ಹೆಪ್ಪುಗಟ್ಟಿಸಿದರೆ ಇದರ ಉಲ್ಟಾ. ಕುರುಕಲು ತಿಂಡಿಗೆ ಮನೆಯ ಫ್ರೀಜರ್‌ನ ನಿಧಾನವೇ ಸಾಕು. ತಲೆ ಕೆಡಿಸಿಕೊಳ್ಳಬೇಡಿ.

ಯಂತ್ರಕ್ಕೆ ಹಾಕುವ ಹೊತ್ತು

ಯಂತ್ರವನ್ನು ಖಾಲಿಯಾಗಿ ಅರ್ಧ ಗಂಟೆಯಾದರೂ ತಣ್ಣಗಾಗಲು ಬಿಡಿ. ಬೆಚ್ಚಗಿನ ಯಂತ್ರಕ್ಕೆ ಹಾಕಿದರೆ ಕಲ್ಲಾಗಿದ್ದ ಹಣ್ಣಿನ ಅಂಚು ಕರಗಲು ಶುರುವಾಗುತ್ತದೆ. ಬಾಗಿಲಿನ ರಬ್ಬರ್ ಅಂಚನ್ನು ಬೆರಳಿನಿಂದ ಸವರಿ ನೋಡಿ. ಒಂದು ಸಣ್ಣ ಬೀಜ, ಒಂದು ಕೂದಲು ಸಿಕ್ಕಿಕೊಂಡಿದ್ದರೂ ಗಾಳಿ ನುಗ್ಗುತ್ತದೆ. ಟ್ರೇಗಳನ್ನು ಫ್ರೀಜರ್‌ನಿಂದ ತೆಗೆದು ಒಂದೆರಡು ನಿಮಿಷದಲ್ಲಿ ಒಳಗೆ ಸೇರಿಸಿ.

ಆಮೇಲೆ ನೀರು ಹೋಗುವ ಡ್ರೈನ್ ವಾಲ್ವ್ ಮುಚ್ಚಿದೆಯಾ ನೋಡಿ. ನಗಬೇಡಿ. ಒಂದು ಸಲ ನಾನು ಅದನ್ನು ತೆರೆದೇ ಬಿಟ್ಟು ಮಲಗಿದ್ದೆ. ಪಂಪ್ ರಾತ್ರಿಯಿಡೀ ಕೋಣೆಯ ಗಾಳಿಯನ್ನೇ ಎಳೆಯುತ್ತಾ ಗೊರಗೊರ ಅಂತಿತ್ತು. ಬೆಳಿಗ್ಗೆ ಒತ್ತಡ ಇಳಿದೇ ಇರಲಿಲ್ಲ, ಅನಾನಸ್ ಟ್ರೇಯಲ್ಲಿ ತೇಲುತ್ತಿತ್ತು. ಈಗ ವಾಲ್ವ್ ಪಕ್ಕ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿದ್ದೇನೆ.

ಪಂಪ್ ಎಣ್ಣೆಯದ್ದಾದರೆ ಗಾಜಿನ ಕಿಂಡಿಯಲ್ಲಿ ಎಣ್ಣೆ ಗುರುತಿನ ಮಟ್ಟದಲ್ಲಿದೆಯಾ, ತಿಳಿಯಾಗಿದೆಯಾ ನೋಡಿ. ಹಾಲಿನಂತೆ ಬೆಳ್ಳಗೆ ಮಬ್ಬಾಗಿದ್ದರೆ ನೀರು ಸೇರಿದೆ ಅಂತ ಅರ್ಥ. ಬದಲಾಯಿಸದೆ ಓಡಿಸಿದರೆ ಒತ್ತಡ ಸರಿಯಾಗಿ ಇಳಿಯುವುದಿಲ್ಲ, ಪಂಪೂ ಹಾಳು.

ಮುಂದಿನದು ಯಂತ್ರದ ಪಾಡು. ಹಣ್ಣಿಗೆ ಸಾಮಾನ್ಯವಾಗಿ 24ರಿಂದ 40 ಗಂಟೆ ಹಿಡಿಯುತ್ತದೆ. ಟ್ರೇಯ ಶಾಖವನ್ನು ಬದಲಿಸುವ ಅವಕಾಶ ಇದ್ದರೆ ಸಿಹಿ ಹಣ್ಣುಗಳಿಗೆ ಕಡಿಮೆ ಇಡಿ, 50 ಡಿಗ್ರಿ ದಾಟಿಸಬೇಡಿ. ಶಾಖ ಏರಿಸಿದರೆ ಬೇಗ ಮುಗಿಯುತ್ತದೆ ಅಂತ ಅನಿಸುತ್ತದೆ. ಆದರೆ ಐಸ್ ಆವಿಯಾಗುವ ಮೊದಲೇ ಕರಗಿದರೆ ಕೈಗೆ ಬರುವುದು ಸುಕ್ಕಾದ ಅಂಟು ಹಣ್ಣು. ನಡುವೆ ಬಾಗಿಲು ತೆರೆದು ನೋಡುವ ಚಪಲ ಬೇಡ.

ಒಣಗಿತಾ? ತಕ್ಕಡಿಯನ್ನು ಕೇಳಿ

ಯಂತ್ರ ಮುಗಿಯಿತು ಅಂತ ಬೀಪ್ ಮಾಡುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಯಂತ್ರಕ್ಕೆ ಗೊತ್ತಿರುವುದು ಟ್ರೇಯ ಉಷ್ಣತೆ ಮತ್ತು ಒಳಗಿನ ಒತ್ತಡ. ನಿಮ್ಮ ದಪ್ಪ ತುಂಡಿನ ನಡುವೆ ಏನಿದೆ ಅಂತ ಅದಕ್ಕೆ ತಿಳಿಯದು.

ಮೊದಲು ಕೈಯ ಪರೀಕ್ಷೆ. ಪ್ರತಿ ಟ್ರೇಯಿಂದ ಕಣ್ಣಿಗೆ ಅತಿ ದಪ್ಪ ಕಾಣುವ ಎರಡು ತುಂಡು ಆರಿಸಿ, ಟ್ರೇ ನಡುವಿನಿಂದ. ಮುರಿಯಿರಿ. ಒಣಗಿದ್ದು ಚಾಕ್‌ಪೀಸ್ ಹಾಗೆ ಪಟ್ ಅಂತ ಮುರಿಯುತ್ತದೆ. ಮುರಿದ ಮುಖವನ್ನು ತುಟಿಗೆ ತಾಗಿಸಿ. ತಣ್ಣಗೆ ಅನಿಸಿದರೆ ಒಳಗೆ ಐಸ್ ಇದೆ. ಬೆರಳಿಗಿಂತ ತುಟಿಗೆ ಚಳಿ ಬೇಗ ಗೊತ್ತಾಗುತ್ತದೆ. ನಡುವೆ ಬಣ್ಣ ಗಾಢವಾಗಿ, ಹೊಳೆಯುತ್ತಿದ್ದರೂ ಅದೇ ಅರ್ಥ.

ಆಮೇಲೆ ತೂಕ. ಟ್ರೇಯನ್ನು ತಕ್ಕಡಿ ಮೇಲಿಟ್ಟು ಬರೆದುಕೊಳ್ಳಿ. ತಕ್ಷಣ ಮತ್ತೆ ಒಳಗೆ ಹಾಕಿ ಎರಡು ಗಂಟೆ ಓಡಿಸಿ. ಮತ್ತೆ ತೂಗಿ. ಇಳಿದಿದ್ದರೆ ಇನ್ನೂ ಎರಡು ಗಂಟೆ. ಎರಡು ಸಲದ ತೂಕ ಒಂದೇ ಬಂದರೆ ಮುಗಿಯಿತು. ಒಂದೇ ಒಂದು ಗ್ರಾಂ ಇಳಿದರೂ ನಾನು ಮತ್ತೆ ಹಾಕುತ್ತೇನೆ.

ಅಂದಾಜಿಗೆ ಒಂದು ಲೆಕ್ಕವೂ ಇದೆ. 500 ಗ್ರಾಂ ಸ್ಟ್ರಾಬೆರಿ ಹೋಳು ಹಾಕಿದ್ದೀರಿ ಅಂದುಕೊಳ್ಳಿ. ಅದರಲ್ಲಿ 91 ಭಾಗ ನೀರು. ನೀರೆಲ್ಲ ಹೋದರೆ 45 ಗ್ರಾಂ ಉಳಿಯಬೇಕು. ಒಂದೆರಡು ಗ್ರಾಂ ತೇವ ಉಳಿಯುವುದು ಸಹಜ, ಹಣ್ಣಿನಿಂದ ಹಣ್ಣಿಗೂ ಕೊಂಚ ವ್ಯತ್ಯಾಸ. ಹಾಗಾಗಿ 45ರಿಂದ 50 ಬಂದರೆ ಸರಿ. ತಕ್ಕಡಿ 65 ತೋರಿಸುತ್ತಿದ್ದರೆ, ಬಾಯಿಗೆ ಎಷ್ಟೇ ಕುರುಂ ಅನ್ನಲಿ, ಎಲ್ಲೋ ನೀರು ಅಡಗಿದೆ. ಸೇಬಾದರೆ ನೀರು 86 ಭಾಗ, ಅನಾನಸ್ಸೂ ಅಷ್ಟೇ. ಮಾವು 83, ದ್ರಾಕ್ಷಿ 81. ನನ್ನ ಮೊದಲ ಸ್ಟ್ರಾಬೆರಿ ಬ್ಯಾಚ್ ತೂಗಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು.

ಜಾಸ್ತಿ ಹೊತ್ತು ಓಡಿಸಿದರೆ ಹಾಳಾಗುತ್ತದಾ? ಇಲ್ಲ. ನಾಲ್ಕು ಗಂಟೆ ಹೆಚ್ಚು ಹೋದರೆ ಕರೆಂಟು ಹೋಗುತ್ತದೆ, ಹಣ್ಣಿಗೆ ಏನೂ ಆಗುವುದಿಲ್ಲ.

ತುಂಬಿಡುವಾಗ ಕೈ ಚುರುಕಾಗಿರಲಿ

ಬಾಗಿಲು ತೆರೆಯುವ ಮೊದಲೇ ಡಬ್ಬಿ, ಕವರ್, ಮುಚ್ಚಳ ಎಲ್ಲ ಎದುರಿಗೆ ಇಟ್ಟುಕೊಳ್ಳಿ. ಒಣಗಿದ ಹಣ್ಣು ಗಾಳಿಯ ತೇವಕ್ಕೆ ಬಾಯಿ ಬಿಟ್ಟುಕೊಂಡಿರುತ್ತದೆ. ಮಳೆಗಾಲದ ದಿನ ಹತ್ತು ಹದಿನೈದು ನಿಮಿಷ ಹೊರಗಿಟ್ಟರೆ ಸಾಕು, ಅಂಚು ಬಗ್ಗಲು ಶುರುವಾಗುತ್ತದೆ. ಟ್ರೇ ಕೋಣೆಯ ಉಷ್ಣತೆಗೆ ಬರುವವರೆಗೆ ಬೆಚ್ಚಗಾಗಿಸಿಯೇ ತೆಗೆಯಿರಿ. ತಣ್ಣಗಿನ ಟ್ರೇ ಮೇಲೆ ಗಾಳಿಯ ನೀರು ಬೆವರಿನಂತೆ ಕೂರುತ್ತದೆ.

ಒಂದೆರಡು ತಿಂಗಳಲ್ಲಿ ತಿಂದು ಮುಗಿಸುವುದಾದರೆ ರಬ್ಬರ್ ಇರುವ ಗಾಜಿನ ಡಬ್ಬಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ. ತಿನ್ನುವ ಪದಾರ್ಥಕ್ಕೆ ಅಂತ ಮಾಡಿದ ಪೊಟ್ಟಣವೇ ಆಗಿರಲಿ. ವರ್ಷಗಟ್ಟಲೆ ಇಡಬೇಕಾದರೆ ದಪ್ಪ ಮೈಲಾರ್ (ಲೋಹದ ಪದರ ಇರುವ ಪ್ಲಾಸ್ಟಿಕ್) ಕವರ್ ಮತ್ತು ಆಕ್ಸಿಜನ್ ಅಬ್ಸಾರ್ಬರ್. ಒಂದು ಲೀಟರ್ ಗಾಳಿಯಲ್ಲಿ ಆಮ್ಲಜನಕ ಸುಮಾರು 210 ಮಿಲಿಲೀಟರ್, ಹಾಗಾಗಿ ಲೀಟರ್ ಕವರ್‌ಗೆ 300 ಸಿಸಿ (ಮಿಲಿಲೀಟರ್) ಪೊಟ್ಟಣ ಒಂದು ಸಾಕು. ಅದರೊಳಗಿರುವುದು ಕಬ್ಬಿಣದ ಪುಡಿ. ತುಕ್ಕು ಹಿಡಿಯುತ್ತಾ ಆಮ್ಲಜನಕ ನುಂಗುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ತುಕ್ಕು ಹಿಡಿಯಲು ಅದಕ್ಕೂ ಚೂರು ತೇವ ಬೇಕು. ಅದಕ್ಕೇ ಸಿಲಿಕಾ ಜೆಲ್ಲನ್ನೂ ಇದನ್ನೂ ಒಂದೇ ಕವರ್‌ಗೆ ಹಾಕಬೇಡಿ, ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ.

ಈ ಒಂದು ಮಾತನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಪೂರ್ತಿ ಒಣಗದ ಹಣ್ಣಿಗೆ ಆಕ್ಸಿಜನ್ ಅಬ್ಸಾರ್ಬರ್ ಹಾಕಿ ಮುಚ್ಚಬಾರದು. ತೇವ ಇದ್ದು ಆಮ್ಲಜನಕ ಇಲ್ಲದ ಜಾಗ ಬೊಟುಲಿಸಂ ಎಂಬ, ಜೀವಕ್ಕೇ ಅಪಾಯದ ಆಹಾರ ವಿಷ ತರುವ ಬ್ಯಾಕ್ಟೀರಿಯಾಗೆ ಇಷ್ಟ. ಹುಳಿ ಹಣ್ಣುಗಳಲ್ಲಿ ಅದು ಬೆಳೆಯುವುದು ಕಷ್ಟ. ಬಾಳೆ, ಪಪ್ಪಾಯ, ಕರಬೂಜದಂಥ ಹುಳಿ ಕಡಿಮೆ ಇರುವ ಹಣ್ಣುಗಳಲ್ಲಿ ಅಷ್ಟು ಧೈರ್ಯ ಬೇಡ. ತಕ್ಕಡಿ ಹೂಂ ಅಂದಿದ್ದರೆ ಮಾತ್ರ ಸೀಲ್ ಮಾಡಿ.

ಕತ್ತಲೆ, ತಂಪು ಜಾಗದಲ್ಲಿಡಿ. ಬೆಳಕು ಬಿದ್ದರೆ ಸ್ಟ್ರಾಬೆರಿಯ ಕೆಂಪು ಬಿಳಚಿಕೊಳ್ಳುತ್ತದೆ. ಫ್ರೀಜ್ ಡ್ರೈ ಮಾಡಿದ್ದು 25 ವರ್ಷ ಇರುತ್ತದೆ ಅಂತ ಜಾಹೀರಾತುಗಳು ಹೇಳುತ್ತವೆ. ಮನೆಯಲ್ಲಿ ಸೀಲ್ ಮಾಡಿದ ಕವರ್‌ಗೆ ನಾನು ಆ ಭರವಸೆ ಕೊಡುವುದಿಲ್ಲ. ಪ್ರತಿ ಕವರ್ ಮೇಲೆ ತಾರೀಖು ಬರೆಯಿರಿ, ಹಳೆಯದನ್ನು ಮೊದಲು ತಿನ್ನಿ. ಒಂದೆರಡು ದಿನಕ್ಕೆ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಎಲ್ಲ ಡಬ್ಬಿಗಳನ್ನೂ ಅಲ್ಲಾಡಿಸಿ ನೋಡಿ. ಗಲಗಲ ಅಂದರೆ ಸರಿ. ತುಂಡುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ತೇವ ಹೊಕ್ಕಿದೆ. ಒಂದೆರಡು ದಿನದೊಳಗೇ ಗೊತ್ತಾಗಿ, ಕೆಟ್ಟ ವಾಸನೆ, ಬೂಷ್ಟು ಇಲ್ಲದಿದ್ದರೆ ಮತ್ತೆ ಯಂತ್ರಕ್ಕೆ ಹಾಕಬಹುದು. ವಾರ ಕಳೆದು ಮೆತ್ತಗಾಗಿದ್ದು ಕಂಡರೆ ಎಸೆಯುವುದೇ ಲೇಸು.

ಮುಗಿದ ಮೇಲೆ

ಯಂತ್ರದ ಗೋಡೆ ಮೇಲೆ ದಪ್ಪ ಐಸ್ ಕಟ್ಟಿರುತ್ತದೆ. ಅದು ಹಣ್ಣಿನ ನೀರೇ. ಡಿಫ್ರಾಸ್ಟ್ ಒತ್ತಿ, ವಾಲ್ವ್ ತೆರೆದು, ಕೆಳಗೆ ಬಕೆಟ್ ಇಡಿ. ಚಾಕುವಿನಿಂದ ಕೆತ್ತಲು ಹೋಗಬೇಡಿ, ಗೋಡೆಗೆ ಗೀರು ಬೀಳುತ್ತದೆ. ನೀರು ಪೂರ್ತಿ ಇಳಿದ ಮೇಲೆ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದು ಬಿಡಿ. ಮುಂದಿನ ಬ್ಯಾಚ್‌ಗೆ ಮೊದಲು ವಾಲ್ವ್ ಮುಚ್ಚುವುದು ನೆನಪಿರಲಿ.

ತಿನ್ನುವಾಗ ಒಂದು ಎಚ್ಚರಿಕೆ. ಬಾಳೆ ಬಿಲ್ಲೆ ಒಣಗಿದರೂ ಹಣ್ಣಿನ ಸಕ್ಕರೆ ಅಷ್ಟೂ ಅದರಲ್ಲೇ ಇರುತ್ತದೆ. ಹಗುರವಾಗಿರುವುದರಿಂದ ಹೊಟ್ಟೆಗೆ ಗೊತ್ತೇ ಆಗುವುದಿಲ್ಲ.

ಮತ್ತೆ ನೀರು ಹಾಕಿ ತಾಜಾ ಹಣ್ಣಿನಂತೆ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಸೇಬು ಸುಮಾರಾಗಿ ಚೇತರಿಸಿಕೊಳ್ಳುತ್ತದೆ, ಸ್ಟ್ರಾಬೆರಿ ಮೆತ್ತಗಾಗುತ್ತದೆ. ನನಗಂತೂ ಪುಡಿ ಇಷ್ಟ. ಕುರುಕಲು ಹೋಳುಗಳನ್ನು ಒಣಗಿದ ಮಿಕ್ಸಿ ಜಾರಿಗೆ ಹಾಕಿ, ಎರಡು ಮೂರು ಸಲ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಕೇಕ್ ಮೇಲಿನ ಕ್ರೀಮಿಗೆ ತಾಜಾ ಹಣ್ಣಿನ ರಸ ಹಾಕಿದರೆ ನೀರಾಗುತ್ತದೆ. ಈ ಪುಡಿ ಹಾಕಿದರೆ ಬಣ್ಣ, ಹುಳಿ, ವಾಸನೆ ಎಲ್ಲ ಬರುತ್ತದೆ, ಕ್ರೀಮು ಗಟ್ಟಿಯಾಗಿಯೇ ನಿಲ್ಲುತ್ತದೆ. ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ. ತುಂಡಿಗಿಂತ ಪುಡಿ ಇನ್ನೂ ಬೇಗ ತೇವ ಎಳೆದುಕೊಳ್ಳುತ್ತದೆ, ಸಂಜೆ ಮಾಡಿ ಡಬ್ಬಿ ಸಡಿಲ ಬಿಟ್ಟರೆ ಬೆಳಿಗ್ಗೆ ಚಮಚ ಇಳಿಯುವುದಿಲ್ಲ.